ಬಾಗಲಕೋಟೆಯಲ್ಲೇ ಮನೆ ಇಟ್ಟುಕೊಂಡು ನಟನೆಯಲ್ಲಿ ದುಡಿಯುವುದು ಹೇಗೆ

ಹುಣ್ಣಿಮೆ-ಅಮಾವಾಸ್ಯೆ ದಪ್ಪಗೆ ಅಚ್ಚಾದ ಗೋಡೆ ಕ್ಯಾಲೆಂಡರ್ ಒಂದು, 200 ಪುಟದ ನೋಟ್‌ಬುಕ್ ಒಂದು, ಪೆನ್ಸಿಲ್, ಪೆನ್ನು. ನಟನೆಯನ್ನೇ ಕಸುಬು ಮಾಡಿಕೊಳ್ಳಬೇಕು ಎನ್ನುವವರು ನಮ್ಮ ಭಾಗದಲ್ಲಿ ಮೊದಲು ತಂದಿಟ್ಟುಕೊಳ್ಳಬೇಕಾದ ಸಾಮಾನು ಇಷ್ಟೇ. ಫೋಟೊ ಆಲ್ಬಮ್ಮು, ಜಿಮ್ಮು, ಬೆಂಗಳೂರಿನ ಪಿಜಿ ರೂಮು ಎಲ್ಲ ಆಮೇಲಿನ ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕಲಾವಿದರ ಕೈಗೆ ದುಡ್ಡು ಬರುವುದು ರಾತ್ರಿಗಳ ಲೆಕ್ಕದಲ್ಲಿ. ಯಾವ ರಾತ್ರಿ ಯಾವ ಊರು ಎಂಬ ಲೆಕ್ಕ ಇಟ್ಟವರು ಕಸುಬಿನಲ್ಲಿ ನಿಲ್ಲುತ್ತಾರೆ. ಇಡದವರು, ಅಭಿನಯ ಎಷ್ಟೇ ಚಲೋ ಇರಲಿ, ಎರಡನೇ ಮಳೆಗಾಲ ಬರುವಷ್ಟರಲ್ಲಿ ಯಾವುದಾದರೂ ಅಂಗಡಿಯ ಕೌಂಟರಿನಲ್ಲಿರುತ್ತಾರೆ.

ವರ್ಷವನ್ನು ಹಾಸಿ ನೋಡುವುದು

ಕ್ಯಾಲೆಂಡರ್ ಬಿಚ್ಚಿ ಮೊದಲು ಜಾತ್ರೆಗಳನ್ನು ಗುರುತು ಮಾಡಿ. ಹೊಸ್ತಿಲ ಹುಣ್ಣಿಮೆಯ ಹೊತ್ತಿಗೆ ಗೊಡಚಿ ವೀರಭದ್ರೇಶ್ವರ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ: ತೇರು ಒಂದೇ ದಿನದ್ದು, ಆದರೆ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ವಾರಗಟ್ಟಲೆ ಅಲ್ಲೇ ಬೀಡು ಬಿಟ್ಟಿರುತ್ತವೆ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮ. ಅಲ್ಲಿಂದ ಯುಗಾದಿ, ಬಸವ ಜಯಂತಿ ದಾಟಿ ಮುಂಗಾರು ಇಳಿಯುವ ತನಕ ಊರೂರಿನ ತೇರು, ಓಕುಳಿ, ಅದರ ಹಿಂದೆಯೇ ಊರಿನ ಯುವಕರ ಸಾಮಾಜಿಕ ನಾಟಕ. ಜಮಖಂಡಿ, ಮುಧೋಳ, ಗೋಕಾಕ ಕಡೆ ಕಬ್ಬಿನ ಬಿಲ್ಲು (ಕಾರ್ಖಾನೆಯಿಂದ ರೈತರಿಗೆ ಬರುವ ದುಡ್ಡು) ಹೊತ್ತಿಗೆ ಸರಿಯಾಗಿ ಕೈಗೆ ಬಂದ ವರ್ಷ ಈ ನಾಟಕಗಳು ಒಂದಕ್ಕೆ ಎರಡಾಗುತ್ತವೆ. ಬಿಲ್ಲು ತಡವಾದ ವರ್ಷ ಹೋದ ಸಲದ ಬಾಕಿಯೂ ಬರುವುದಿಲ್ಲ.

ಜೂನ್‌ನಿಂದ ದಸರೆಯವರೆಗೆ ಬಯಲಿನ ಆಟ ಬಹುತೇಕ ಬಂದ್. ಈ ನಾಲ್ಕು ತಿಂಗಳು ಕ್ಯಾಮೆರಾಗೆ, ಆಕಾಶವಾಣಿಗೆ, ತರಬೇತಿಗೆ. ಜನವರಿಯಿಂದ ಮೇವರೆಗಿನ ರಾತ್ರಿಗಳು ರಂಗಭೂಮಿಗೆ. ಈ ಎರಡನ್ನೂ ಕಲಸಿಕೊಂಡವರು ಎರಡೂ ಕಡೆ ಕಳೆದುಕೊಳ್ಳುತ್ತಾರೆ.

ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಂಟು ಕಾಲಂ ಮಾಡಿ: ದಿನಾಂಕ, ಊರು, ನಾಟಕ, ಪಾತ್ರ, ಒಪ್ಪಿದ ಮೊತ್ತ, ಅಡ್ವಾನ್ಸ್, ಬಾಕಿ, ಕರೆದವರ ನಂಬರು. ಬಾಯಿಮಾತಿನ ದಿನಾಂಕ ಪೆನ್ಸಿಲ್‌ನಲ್ಲಿ, ಅಡ್ವಾನ್ಸ್ ಬಂದ ದಿನಾಂಕ ಪೆನ್ನಿನಲ್ಲಿ. ಒಂದೇ ರಾತ್ರಿಗೆ ಇಬ್ಬರು ಕೇಳಿದರೆ ಪೆನ್ನಿನದು ಗೆಲ್ಲುತ್ತದೆ, ಪೆನ್ಸಿಲ್‌ನವರಿಗೆ ಅದೇ ದಿನ ಫೋನ್ ಮಾಡಿ ತಿಳಿಸಬೇಕು. ಸೀರಿಯಲ್ ತಂಡದವರು 'ಡೇಟ್ ಹೋಲ್ಡ್ ಮಾಡಿ' ಎನ್ನುತ್ತಾರೆ. ಹೋಲ್ಡ್‌ಗೆ ದುಡ್ಡಿಲ್ಲ, ಆದ್ದರಿಂದ ಅದು ಪೆನ್ಸಿಲ್. 'ಇಂಥ ದಿನದೊಳಗೆ ಖಚಿತ ಮಾಡಿ, ಇಲ್ಲದಿದ್ದರೆ ಬಿಡುತ್ತೇನೆ' ಎಂದು ಮೆಸೇಜಿನಲ್ಲಿ ಹಾಕಿಬಿಡಿ. ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಲೆಕ್ಕ. ಬೆಂಗಳೂರು ಇಲ್ಲಿಂದ 450–500 ಕಿಲೋಮೀಟರ್. ಅಲ್ಲಿ ಒಂದು ದಿನದ ಶೂಟಿಂಗ್ ಎಂದರೆ ಹೋಗುವ ರಾತ್ರಿ, ಬರುವ ರಾತ್ರಿ ಎರಡೂ ಬಸ್ಸಿನಲ್ಲೋ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲೋ ಕಳೆದವು. ಜಾತ್ರೆ ಸೀಸನ್ನಿನಲ್ಲಿ ಅವು ಎರಡು ನಾಟಕದ ರಾತ್ರಿಗಳು. ಒಂದು ದಿನದ ಸಂಭಾವನೆಯನ್ನು ಎರಡು ನಾಟಕದ ಸಂಭಾವನೆಗೆ ಪ್ರಯಾಣದ ಖರ್ಚು ಕೂಡಿಸಿ ತೂಗಿ ನೋಡಿ. ಒಂದೇ ಸಲಕ್ಕೆ ನಾಲ್ಕೈದು ದಿನ ಸೇರಿಸಿ ಕೊಟ್ಟರೆ ಮಾತ್ರ ಸೀಸನ್ನಿನಲ್ಲಿ ಹೋಗುವುದು ಲಾಭ. ಹೀಗೆ ಕೇಳುವುದರಲ್ಲಿ ಸಣ್ಣತನವಿಲ್ಲ, ದೂರದಿಂದ ಬರುವವರ ದಿನಗಳನ್ನು ಒಟ್ಟುಗೂಡಿಸುವುದು ಶೆಡ್ಯೂಲ್ ಮಾಡುವವರಿಗೆ ಗೊತ್ತಿರುವ ಕೆಲಸವೇ.

ಬೆಳಗಾವಿಯವರಿಗೆ ಇನ್ನೊಂದು ದಾರಿಯೂ ಇದೆ. ಕೊಲ್ಹಾಪುರ ಸುಮಾರು 110 ಕಿಲೋಮೀಟರ್, ಅಲ್ಲಿ ಚಿತ್ರನಗರಿ ಇದೆ, ಮರಾಠಿ ಸೀರಿಯಲ್ಲುಗಳ ಚಿತ್ರೀಕರಣ ನಡೆಯುತ್ತದೆ. ಮರಾಠಿ ನಾಲಿಗೆಗೆ ಒಗ್ಗಿದ್ದರೆ ಬಿಡಬೇಡಿ. ಬೀಳಗಿಯ ಗಾಯಕಿ-ನಟಿ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಹೆಸರು ಮಾಡಿದ ಕಾಲದಿಂದಲೂ ನಮ್ಮವರಿಗೆ ಉತ್ತರದ ದಾರಿ ಹೊಸದಲ್ಲ.

ಕಂಠ

ಈ ಭಾಗದಲ್ಲಿ ಕಲಾವಿದರನ್ನು ಕರೆಯುವಾಗ ಕೇಳುವ ಮೊದಲ ಪ್ರಶ್ನೆ 'ಕಂಠ ಹೆಂಗೈತಿ?' ಮುಖದ ಪ್ರಶ್ನೆ ಎರಡನೆಯದು. ಅದಕ್ಕೆ ಕಾರಣ ಥಿಯೇಟರಿನ ಕಟ್ಟಡವೇ. ತಗಡಿನ ಗೋಡೆ, ಮೇಲೆ ತಗಡು ಇಲ್ಲವೇ ತಾಡಪತ್ರಿ, ಪಕ್ಕದಲ್ಲಿ ಇನ್ನೊಂದು ಕಂಪನಿಯ ಲೌಡ್‌ಸ್ಪೀಕರ್, ಜೋಕಾಲಿಯ ಗದ್ದಲ, ಜನರೇಟರ್. ಇದೆಲ್ಲದರ ನಡುವೆ ಕಟ್ಟಕಡೆಯ ಸಾಲಿನ ಅಜ್ಜನಿಗೆ ಮಾತು ಮುಟ್ಟಬೇಕು.

ರಂಗದ ಮೇಲೆ ಮೂರೋ ನಾಲ್ಕೋ ಮೈಕು ಮೇಲಿನಿಂದ ಇಳಿಬಿಟ್ಟಿರುತ್ತಾರೆ. ಹೊಸಬರು ಎಡವುವುದು ಇಲ್ಲೇ. ಮೈಕಿನ ನೇರ ಕೆಳಗೆ ನಿಲ್ಲಬೇಡಿ, ಅದು ನಿಮ್ಮ ಹಣೆಯ ಮುಂದೆ ಒಂದೂವರೆ ಎರಡು ಅಡಿಗಿರಬೇಕು. ಗದ್ದ ತುಸು ಎತ್ತಿ, ಮೈಕನ್ನು ನೋಡದೆ ಅದರ ಕೆಳಗಿಂದ ಪ್ರೇಕ್ಷಕರತ್ತ ಮಾತು ಬಿಡಿ. ನಡೆಯುವಾಗ ಮಾತಾಡಬಾರದು: ಒಂದು ಮೈಕಿನಿಂದ ಇನ್ನೊಂದಕ್ಕೆ ಮೌನವಾಗಿ ದಾಟಿ, ನಿಂತು, ಆಮೇಲೆ ಬಾಯಿ ತೆರೆಯಬೇಕು. ನಡೆಯುತ್ತ ಮಾತಾಡಿದರೆ ವಾಕ್ಯದ ನಡುವೆ ತೂತು ಬೀಳುತ್ತದೆ. ಅಬ್ಬರಿಸುವ ಸಾಲಿಗೆ ಒಂದು ಹೆಜ್ಜೆ ಹಿಂದೆ ಸರಿದು ಮುಖವನ್ನು ಅರ್ಧ ತಿರುಗಿಸಿ, ಇಲ್ಲದಿದ್ದರೆ ಮೈಕು ಕೂಗುತ್ತದೆ. ಗುಟ್ಟಿನ ಮಾತಿಗೆ ಮುಂದೆ ಬನ್ನಿ. ಎದುರಿನವರ ಸರದಿ ಬಂದಾಗ ಅರ್ಧ ಹೆಜ್ಜೆ ಹಿಂದೆ ಸರಿದು ಜಾಗ ಬಿಡಿ. ಇದಿಷ್ಟನ್ನೂ ಪ್ರೇಕ್ಷಕರಿಗೆ ಗೊತ್ತಾಗದಂತೆ ಮಾಡುವುದು ಕಸುಬು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಅದು ನಮ್ಮ ಭಾಷೆಯಿಂದಲೇ ಬರುವಂಥದ್ದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಕೂರುತ್ತದೆ, ಇಲ್ಲ-ಬೇಡ-ಆಗದು ಎಲ್ಲ ಅಲ್ಲೇ. ಉಸಿರು ತೀರುವುದೂ ಅಲ್ಲೇ. 'ನಿನ್ನ ಮಗನನ್ನು ನಾನು ಕೊಂದಿಲ್ಲ' ಎಂಬ ಸಾಲಿನಲ್ಲಿ ಕೊನೆಯ 'ಇಲ್ಲ' ನುಂಗಿದಿರಿ ಎಂದುಕೊಳ್ಳಿ. ಹಿಂದಿನ ಸಾಲಿಗೆ ಕೇಳಿಸುವುದು ಕೊಲೆಯ ತಪ್ಪೊಪ್ಪಿಗೆ. ಅಲ್ಲಿಂದ ಮುಂದಿನ ಅಂಕವೆಲ್ಲ ಅವರಿಗೆ ತಲೆಕೆಳಗು. ಹಾಗಾಗಿ ಮಾತು ಬಾಯಿಪಾಠ ಮಾಡುವಾಗ ಪ್ರತಿ ವಾಕ್ಯದ ಕೊನೆಯ ಪದದ ಕೆಳಗೆ ಗೆರೆ ಎಳೆಯಿರಿ, ಅದರ ಹಿಂದಿನ ಪದದ ಮುಂಚೆ ಸಣ್ಣ ಉಸಿರಿನ ಗುರುತು ಹಾಕಿ.

ಉಸಿರಿಗೆ ಅಭ್ಯಾಸ ಸರಳ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಹೆಗಲು ಎತ್ತದೆ ಹೊಟ್ಟೆ-ಪಕ್ಕೆ ತುಂಬುವಂತೆ ಉಸಿರು ತೆಗೆದುಕೊಂಡು 'ಸ್ಸ್' ಎಂದು ಸಮನಾಗಿ ಬಿಡಿ. ಶುರುವಿಗೆ 15–20 ಸೆಕೆಂಡ್ ಬಂದರೆ ಸಾಕು, ಎರಡು ತಿಂಗಳಲ್ಲಿ 30 ದಾಟಬೇಕು. ಆಮೇಲೆ ನಾಲ್ಕೈದು ಸಾಲಿನ ಒಂದು ವಚನವನ್ನು ಎರಡೇ ಉಸಿರಿನಲ್ಲಿ, ಅಂಕಿತನಾಮದ ಕೊನೆಯ ಅಕ್ಷರದ ತನಕ ದನಿ ಬೀಳದಂತೆ ಹೇಳಿ. ಅಂಕಿತದಲ್ಲಿ ದನಿ ಸತ್ತರೆ ಮತ್ತೆ ಮೊದಲಿನಿಂದ.

ಹಾಡುವವರು ತಮ್ಮ ಶ್ರುತಿ ಗೊತ್ತು ಮಾಡಿಕೊಂಡಿರಬೇಕು. ಗಂಡಸರದು ಸಾಮಾನ್ಯವಾಗಿ ಹಾರ್ಮೋನಿಯಂನ ಕರಿ (ಕಪ್ಪು ಕೀ) ಒಂದರಿಂದ ಕರಿ ಎರಡರ ಆಸುಪಾಸು, ಹೆಂಗಸರದು ಕರಿ ನಾಲ್ಕು-ಐದು. ಹಾರ್ಮೋನಿಯಂ ಮಾಸ್ಟರು ಕೇಳಿದಾಗ 'ಯಾವುದಾದರೂ ನಡೀತದ' ಎಂದರೆ ಅವರು ತಮಗೆ ಅನುಕೂಲವಾದದ್ದನ್ನು ಹಿಡಿಯುತ್ತಾರೆ, ಮೂರನೇ ಆಟಕ್ಕೆ ನಿಮ್ಮ ಗಂಟಲು ಬೀಳುತ್ತದೆ. ಶ್ರೀಕೃಷ್ಣ ಪಾರಿಜಾತದ ಮೇಳಕ್ಕೆ ಹೋಗುವವರಿಗಂತೂ ಇದು ಕಟ್ಟುನಿಟ್ಟು: ಅಲ್ಲಿ ಇಡೀ ರಾತ್ರಿ ಏರುದನಿಯ ಹಾಡು.

ಗಂಟಲು ಕೆಡುವುದು ಬಹಳ ಸಲ ಕೂಗಿದ್ದಕ್ಕಲ್ಲ, ತಿಂದದ್ದಕ್ಕೆ. ಆಟಕ್ಕೆ ಮೊದಲು ಮಿರ್ಚಿ ಭಜಿ, ಆಟ ಮುಗಿದು ರಾತ್ರಿ ಎರಡಕ್ಕೆ ಖಾರದ ಊಟ, ತಕ್ಷಣ ಅಡ್ಡಾಗುವುದು: ಹೊಟ್ಟೆಯ ಆಮ್ಲ ಮೇಲೆ ಬಂದು ಧ್ವನಿತಂತುಗಳನ್ನು ಸುಡುತ್ತದೆ, ಬೆಳಿಗ್ಗೆ ದನಿ ಒಡಕು. ಆಟಕ್ಕೆ ಎರಡು ತಾಸು ಮೊದಲು ರೊಟ್ಟಿ, ಬೇಳೆ, ಮಜ್ಜಿಗೆ ಮುಗಿಸಿ, ಆಟದ ನಂತರ ಬಾಳೆಹಣ್ಣು, ನೀರು. ದನಿ ಹೋದಾಗ ಪಿಸುಗುಟ್ಟಬೇಡಿ, ಪಿಸುಮಾತು ತಂತುಗಳನ್ನು ಇನ್ನಷ್ಟು ದಣಿಸುತ್ತದೆ. ಪೂರ್ತಿ ಮೌನ, ಬರೀ ನೀರಿನ ಹಬೆ. ಎರಡು-ಮೂರು ವಾರವಾದರೂ ಒಡಕು ಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಹೋಗಿ. ಧ್ವನಿತಂತುವಿನ ಮೇಲೆ ಗಂಟಾಗಿದ್ದರೂ ಅದು ಚಿಕ್ಕದಿರುವಾಗ ವಿಶ್ರಾಂತಿ, ಧ್ವನಿ ಚಿಕಿತ್ಸೆಯಲ್ಲೇ ಎಷ್ಟೋ ಸಲ ಕರಗುತ್ತದೆ.

ಊರ ನಾಟಕಕ್ಕೆ ಹೋಗುವುದು

ಊರಿನ ಹುಡುಗರು ನಾಟಕ ಕಲಿಸುವ ಮಾಸ್ಟರನ್ನು ಇಟ್ಟುಕೊಂಡು ಒಂದೆರಡು ತಿಂಗಳು ತಾಲೀಮು ಮಾಡಿರುತ್ತಾರೆ. ಸ್ತ್ರೀ ಪಾತ್ರದ ಕಲಾವಿದೆಯರು, ಕೆಲವೊಮ್ಮೆ ಹಾಸ್ಯದವರು, ಬಾಡಿಗೆಗೆ ಬರುವವರು. ಹೊರಗಿನಿಂದ ಬರುವವರಿಗೆ ಒಂದು ರಿಹರ್ಸಲ್ ಸಿಕ್ಕರೆ ಪುಣ್ಯ. ಆದ್ದರಿಂದ ಈ ಭಾಗದಲ್ಲಿ ಪದೇ ಪದೇ ಆಡುವ ಹತ್ತು-ಹದಿನೈದು ನಾಟಕಗಳ ನಿಮ್ಮ ಪಾತ್ರ ಬಾಯಿಪಾಠವಿರಬೇಕು. ಪ್ರತಿ ನಾಟಕಕ್ಕೂ ಒಂದು ಪಟ್ಟಿ ಪುಸ್ತಕ: ನಿಮ್ಮ ಮಾತು, ಅದರ ಮೇಲೆ ಎದುರಿನವರ ಸಾಲಿನ ಕೊನೆಯ ಮೂರು-ನಾಲ್ಕು ಪದ. ಜೆರಾಕ್ಸ್ ಬೇಡ, ಕೈಯಾರೆ ಬರೆಯಿರಿ, ಬರೆಯುವಾಗಲೇ ಅರ್ಧ ಪಾಠವಾಗುತ್ತದೆ. ಎದುರಿನವರು ಊರಿನ ಹುಡುಗರು, ಹೆದರಿ ಒಂದು ಪುಟ ಹಾರಿಸಿಬಿಡುತ್ತಾರೆ. ಆಗ ಬರಬೇಕಾದ ಸುದ್ದಿಯನ್ನು (ಮಗು ಯಾರದು, ಪತ್ರ ಎಲ್ಲಿದೆ) ನಿಮ್ಮ ಮಾತಿನಲ್ಲೇ ಸೇರಿಸಿ ಕಥೆ ಹಳಿಗೆ ತರುವವರನ್ನು ಊರಿನವರು ಮರುವರ್ಷ ಕರೆಯುತ್ತಾರೆ.

ಆಯೇರಿಯ ವಿಷಯ ಮೊದಲೇ ಮಾತಾಡಿ. ಅಳುವ ಸೀನಿನ ನಡುವೆ ಯಾರೋ ನೋಟು ಹಿಡಿದು ರಂಗಕ್ಕೆ ಬರುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಆ ದುಡ್ಡು ಕಲಾವಿದರದೋ, ಸಂಘದ್ದೋ, ಅರ್ಧರ್ಧವೋ? ಬಣ್ಣ ಹಚ್ಚುವ ಮೊದಲು ತೀರ್ಮಾನವಾಗಬೇಕು. ಕೂಗುವ ಅಷ್ಟೂ ಹೊತ್ತು ಅದೇ ಭಂಗಿಯಲ್ಲಿ ಇರಿ, ನಕ್ಕು ಕೈ ಮುಗಿದರೆ ಸೀನು ಮತ್ತೆ ಏಳುವುದಿಲ್ಲ.

ಬಾಕಿ ಹಣವನ್ನೂ ಬಣ್ಣಕ್ಕೆ ಮೊದಲೇ ಕೇಳುವುದು ಇಲ್ಲಿನ ಪದ್ಧತಿ, ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಗಿನ ಜಾವ ಐದಕ್ಕೆ ಕಮಿಟಿಯವರು ಯಾರೂ ಎದ್ದಿರುವುದಿಲ್ಲ. ಹೆಂಗಸರು ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗಬೇಕು, ಅವರ ಪ್ರಯಾಣ-ಊಟವನ್ನೂ ಒಪ್ಪಂದಕ್ಕೆ ಸೇರಿಸಿ. ಬಾಗಿಲು ಹಾಕಿಕೊಳ್ಳಲು ಬರುವ ಬಣ್ಣದ ಕೋಣೆ, ಬೆಳಕಿರುವ ಶೌಚಾಲಯ, ಆಟ ಮುಗಿದ ಮೇಲೆ ಬಸ್ ಸ್ಟ್ಯಾಂಡ್ ತನಕ ಗಾಡಿ. ಈ ಮೂರನ್ನು ಫೋನಿನಲ್ಲೇ ಕೇಳಿ. ತಡವರಿಸಿದರೆ ಆ ಊರು ಬಿಡಿ.

ಬಣ್ಣ ನಿಮ್ಮದೇ ಇರಲಿ. ಹತ್ತು ಜನಕ್ಕೆ ಒಂದೇ ಸ್ಪಾಂಜ್ ಹಚ್ಚಿದರೆ ಮುಖದ ತುಂಬ ಗುಳ್ಳೆ. ಮೀಸೆಯ ಸ್ಪಿರಿಟ್ ಗಮ್ ಹೊಸದಾದರೆ ಹಿಂದಿನ ದಿನ ಮೊಳಕೈ ಒಳಬದಿಗೆ ಹಚ್ಚಿ 24 ಗಂಟೆ ನೋಡಿ. ಕೀಳುವಾಗ ಎಳೆಯಬೇಡಿ, ಸ್ಪಿರಿಟ್ ನೆನೆಸಿದ ಹತ್ತಿಯಿಂದ ಅಂಚು ಬಿಡಿಸಿ, ಆಮೇಲೆ ಕೊಬ್ಬರಿ ಎಣ್ಣೆ.

ಕಂಪನಿ ಸೇರುವುದಾದರೆ

ಆಟದ ಹೊತ್ತಿಗೆ ಹೋಗಿ ಮಾಲೀಕರನ್ನು ಕಾಣಬೇಡಿ. ಅವರ ಕಣ್ಣು ಟಿಕೆಟ್ ಗೇಟಿನ ಮೇಲಿರುತ್ತದೆ. ಮಧ್ಯಾಹ್ನ ಊಟದ ನಂತರ ಹೋಗಿ. ಎರಡು ನಿಮಿಷದ ಹಾಸ್ಯ, ಎರಡು ನಿಮಿಷದ ಕರುಣ, ನಿಮ್ಮ ಶ್ರುತಿಯಲ್ಲಿ ಒಂದು ರಂಗಗೀತೆ ಸಿದ್ಧವಿರಲಿ. ಮೊದಲು ಸಿಗುವುದು ಸೇವಕ, ಪೊಲೀಸ್, ಜೊತೆಗೆ ಪರದೆ ಎಳೆಯುವ ಕೆಲಸ. ಅಲ್ಲಿ ನಿಂತು ನಿಮ್ಮ ಮೇಲಿನ ಎರಡು ಪಾತ್ರ ಪಾಠ ಮಾಡಿ. ಜಾತ್ರೆಯಲ್ಲಿ ದಿನಕ್ಕೆ ಮೂರು-ನಾಲ್ಕು ಆಟ ಬಿದ್ದಾಗ ಯಾರದೋ ದನಿ ಹೋಗುತ್ತದೆ, ಆ ರಾತ್ರಿ ನಿಮ್ಮದು. ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪನವರು (1914–2018) ಸ್ತ್ರೀ ಪಾತ್ರಗಳಿಂದ ಹೆಸರು ಮಾಡಿ, ನಾಯಕರಾಗಿ, ಕಲಾವೈಭವ ನಾಟ್ಯ ಸಂಘ ಕಟ್ಟಿ ಮಾಲೀಕರಾದವರು. ಕಂಪನಿಯಲ್ಲಿ ಒಂದೇ ಪಾತ್ರಕ್ಕೆ ಅಂಟಿಕೊಂಡವರು ಮೇಲೆ ಬರುವುದು ಅಪರೂಪ.

ಸಂಬಳ ಮಾತಾಡುವಾಗ ಕೇಳಲೇಬೇಕಾದದ್ದು: ಮಳೆಗೆ ಆಟ ನಿಂತ ದಿನ, ಕ್ಯಾಂಪ್ (ಕಂಪನಿ ಬೀಡು ಬಿಟ್ಟ ಊರು) ಬದಲಾಗುವ ದಿನಗಳಿಗೆ ದುಡ್ಡಿದೆಯೇ? ಅಡ್ವಾನ್ಸ್ ತಗೊಂಡು ಕ್ಯಾಂಪ್ ಮುಗಿಯುವ ಮೊದಲೇ ಹೊರಟರೆ ಏನು ಲೆಕ್ಕ? ದೊಡ್ಡ ಅಡ್ವಾನ್ಸ್ ಸಿಹಿಯಾಗಿ ಕಂಡರೂ ಅದು ಕಾಲಿಗೆ ಹಗ್ಗ. ಒಳ್ಳೆಯ ಶೂಟಿಂಗ್ ಕರೆ ಬಂದಾಗ ಬಿಡಿಸಿಕೊಳ್ಳಲಾಗದು. ಡಬಲ್ ಮೀನಿಂಗ್ ಹಾಸ್ಯದ ಮೇಲೆ ಗೇಟು ನಡೆಯುವ ಕಂಪನಿಗಳೂ ಇವೆ. ಅದರಲ್ಲಿ ದುಡ್ಡಿದೆ, ಆದರೆ ಆ ಕ್ಲಿಪ್ಪುಗಳು ಮೊಬೈಲಿನಲ್ಲಿ ಓಡಾಡಿ ಮುಂದೆ ಬೇರೆ ತರದ ಪಾತ್ರ ಕೇಳುವಾಗ ಅಡ್ಡ ಬರುತ್ತವೆ.

ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ (1980ರಿಂದ), ಸಾಣೇಹಳ್ಳಿಯ ರಂಗಪ್ರಯೋಗಶಾಲೆ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇವೆ, ಇವು ಹೆಚ್ಚುಕಡಿಮೆ ಒಂದು ವರ್ಷದವು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷ, ಅದಕ್ಕೆ ಪದವಿಯೂ ಬೇಕು, ಆಡಿದ ನಾಟಕಗಳ ಪುರಾವೆಯೂ ಬೇಕು. ಮಳೆಗಾಲದಲ್ಲಿ ಆಕಾಶವಾಣಿ ಧಾರವಾಡದ ನಾಟಕ ವಿಭಾಗದ ಧ್ವನಿ ಪರೀಕ್ಷೆಯ ಪ್ರಕಟಣೆಗೆ ಕಿವಿ ಕೊಟ್ಟಿರಿ. ಗ್ರೇಡ್ ಸಿಕ್ಕರೆ ದುಡ್ಡು ಸ್ವಲ್ಪವೇ, ಮೈಕಿನ ಹತ್ತಿರ ಸಣ್ಣ ದನಿಯಲ್ಲಿ ಮಾತಾಡುವ ವಿದ್ಯೆ ಮಾತ್ರ ಬೇರೆಲ್ಲೂ ಅಷ್ಟು ಚೆನ್ನಾಗಿ ಸಿಗದು.

ಎರಡು ಕನ್ನಡ

ಬೆಂಗಳೂರಿನವರು ಇಲ್ಲಿನವರನ್ನು ಕರೆಯುವುದು ಹೆಚ್ಚಾಗಿ ಭಾಷೆಗಾಗಿ. ಅಲ್ಲೇ ಸಿಕ್ಕಿಹಾಕಿಕೊಳ್ಳುವುದೂ ಭಾಷೆಯಲ್ಲೇ, ಏಕೆಂದರೆ 'ಉತ್ತರ ಕರ್ನಾಟಕದ ಪಾತ್ರ' ವಾರಕ್ಕೊಂದು ಬರುವುದಿಲ್ಲ. ಎರಡೂ ಕನ್ನಡ ನಾಲಿಗೆಯಲ್ಲಿರಬೇಕು.

ಮೊದಲು ನಿಮ್ಮದನ್ನೇ ಸರಿಯಾಗಿ ಅರಿಯಿರಿ. ಬೆಳಗಾವಿ-ಬಾಗಲಕೋಟೆಯ ಹಳ್ಳಿಗಳಲ್ಲಿ ಹೆಚ್ಚಾಗಿ 'ಐತಿ', 'ಬರಾಕತ್ತೇನಿ'. ವಿಜಯಪುರ ದಾಟಿ ಪೂರ್ವಕ್ಕೆ ಹೋದಂತೆ 'ಅದ', 'ಬರ್ಲಿಕತ್ತೀನಿ'. ಒಂದೇ ಪಾತ್ರದ ಬಾಯಲ್ಲಿ ಎರಡೂ ಬಂದರೆ ನಮ್ಮವರು ಟಿವಿ ಮುಂದೆ ಕೂತು ನಗುತ್ತಾರೆ. ಸ್ಕ್ರಿಪ್ಟಿನಲ್ಲಿ ಎಲ್ಲ ವಾಕ್ಯಕ್ಕೂ 'ರೀ' ಅಂಟಿಸಿ ಕೊಟ್ಟಿರುತ್ತಾರೆ. ಸೆಟ್ಟಿನಲ್ಲಿ ಎಲ್ಲರ ಎದುರು ತಿದ್ದಬೇಡಿ. ಹಿಂದಿನ ದಿನವೇ ಎರಡು-ಮೂರು ಸಾಲನ್ನು ಅಷ್ಟೇ ಉದ್ದಕ್ಕೆ, ಅದೇ ಅರ್ಥಕ್ಕೆ ಬದಲಿಸಿ ಸಹಾಯಕ ನಿರ್ದೇಶಕರಿಗೆ ವಾಯ್ಸ್ ಮೆಸೇಜ್ ಮಾಡಿ. ಬಹುತೇಕ ಸಲ ಒಪ್ಪುತ್ತಾರೆ.

ಇನ್ನು ಆ ಕಡೆಯ ಕನ್ನಡ. ನಮ್ಮ ನಾಲಿಗೆಯಲ್ಲಿ ಮನೆ 'ಮನಿ', ಮಳೆ 'ಮಳಿ', ಎಲೆ 'ಎಲಿ'. ಇದನ್ನು ತಿದ್ದಿಕೊಳ್ಳುವ ಭರದಲ್ಲಿ ಇಕಾರ ಇರಬೇಕಾದ ಕಡೆಯೂ ಎಕಾರ ನುಗ್ಗುತ್ತದೆ: 'ನಮ್ಮ ಹಳ್ಳೆಯಲ್ಲಿ' ಎಂದು ಬಾಯಿಗೆ ಬಂದುಬಿಡುತ್ತದೆ. ಆಡಿಷನ್‌ನಲ್ಲಿ ಇದು ಮುಚ್ಚಿಡಲಾಗದ ತಪ್ಪು. ಮದ್ದು: ಮಳೆ, ಹಳ್ಳಿ, ಬೆಳೆ, ಬಳ್ಳಿ, ಎಲೆ, ಇಲಿ ಎಂದು ಒಂದು ಎಕಾರ ಒಂದು ಇಕಾರ ಬರುವಂತೆ ಐವತ್ತು ಪದ ಬರೆದುಕೊಂಡು ದಿನಾ ಹೇಳಿ. ಜೊತೆಗೆ ಪತ್ರಿಕೆಯ ಸಂಪಾದಕೀಯವನ್ನು 15 ನಿಮಿಷ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ನಿಮ್ಮ ಕಿವಿ ನಿಮ್ಮ ಪರವೇ ಇರುತ್ತದೆ.

ಮನೆಯಲ್ಲೇ ಆಡಿಷನ್ ತೆಗೆಯುವುದು

ಈಗ ಮೊದಲ ಸುತ್ತಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಮೊಬೈಲಿನಲ್ಲಿ ತೆಗೆದು ಕಳಿಸಿದರೆ ಸಾಕು. ಫೋನ್ ಅಡ್ಡಕ್ಕೆ, ಹಿಂಬದಿಯ ಕ್ಯಾಮೆರಾ, 1080p, ಕಣ್ಣಿನ ಮಟ್ಟಕ್ಕೆ. ಟ್ರೈಪಾಡ್ ಇಲ್ಲದಿದ್ದರೆ ಹಿಟ್ಟಿನ ಡಬ್ಬಿಗಳ ಮೇಲಿಟ್ಟು ಕಟ್ಟಿ, ಯಾರ ಕೈಗೂ ಕೊಡಬೇಡಿ. ಚೌಕಟ್ಟು ಎದೆಯಿಂದ ಮೇಲಕ್ಕೆ, ತಲೆಯ ಮೇಲೆ ನಾಲ್ಕು ಬೆರಳು ಜಾಗ. ಹಿಂದೆ ಖಾಲಿ ಗೋಡೆ, ಗೋಡೆಯಿಂದ ಮೂರು ಅಡಿ ಮುಂದೆ ನಿಲ್ಲಿ, ಇಲ್ಲದಿದ್ದರೆ ನೆರಳು ಬೆನ್ನಿಗಂಟುತ್ತದೆ. ಕಿಟಕಿ ನಿಮ್ಮ ಎದುರಿಗೆ, ಅಂದರೆ ಫೋನಿನ ಹಿಂದೆ ಇರಲಿ. ವಿಜಯಪುರದ ಬಿಸಿಲಿಗೆ ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ಐದರ ನಂತರ. ಮಧ್ಯಾಹ್ನದ ಬೆಳಕು ಕಣ್ಣಿನ ಕುಳಿಗಳನ್ನು ಕಪ್ಪು ಮಾಡುತ್ತದೆ.

ಸೋಲುವುದು ಚಿತ್ರದಲ್ಲಲ್ಲ, ಶಬ್ದದಲ್ಲಿ. ಆರ್‌ಸಿಸಿ ಮನೆಯ ಖಾಲಿ ಕೋಣೆಯಲ್ಲಿ ದನಿ ಗುಂಯ್ ಎನ್ನುತ್ತದೆ. ಮನೆಯ ಎರಡು-ಮೂರು ಕೌದಿ ತಂದು ಫೋನಿನ ಹಿಂದೆ, ಪಕ್ಕದಲ್ಲಿ ಹಗ್ಗ ಕಟ್ಟಿ ನೇತುಹಾಕಿ, ಕಾಲ ಕೆಳಗೆ ಒಂದು ಹಾಸಿ. ಫ್ಯಾನ್ ಬಂದ್. 300-400 ರೂಪಾಯಿಯ ತಂತಿ ಮೈಕನ್ನು ಕೊರಳಿನಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಬಟ್ಟೆ ಒಂದೇ ಬಣ್ಣದ್ದು. ಇಳಕಲ್ ಸೀರೆಯ ಸಣ್ಣ ಚೌಕಳಿ, ತೆಳುಗೆರೆಯ ಅಂಗಿ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ನಡುಗುತ್ತವೆ. ಅಪ್ಪಟ ಬಿಳಿ ಬೇಡ.

ಮೊದಲು ಪರಿಚಯ: ಹೆಸರು, ವಯಸ್ಸು, ಎತ್ತರ, ಊರು, ಬಲ್ಲ ಭಾಷೆಗಳು, ಯಾವ ದಿನಗಳಲ್ಲಿ ಸಿಗುತ್ತೀರಿ. ಎಡ-ಬಲ ಮುಖ ತಿರುಗಿಸಿ, ಪೂರ್ತಿ ಎತ್ತರದ ಒಂದು ಶಾಟ್. ಆಮೇಲೆ ದೃಶ್ಯ. ಎದುರು ಪಾತ್ರದ ಮಾತು ಓದುವವರು ಲೆನ್ಸಿನ ಪಕ್ಕದಲ್ಲೇ ನಿಲ್ಲಬೇಕು, ನಿಮಗಿಂತ ಸಣ್ಣ ದನಿಯಲ್ಲಿ ಓದಬೇಕು. ದೂರ ನಿಂತರೆ ನಿಮ್ಮ ಕಣ್ಣು ಪೂರ್ತಿ ಪಕ್ಕಕ್ಕೆ ಹೋಗಿ ಬಿಳಿಗುಡ್ಡೆಯೇ ಕಾಣುತ್ತದೆ. ಎರಡು ಟೇಕ್ ಕಳಿಸಿ, ಎರಡೂ ಬೇರೆ ಬೇರೆ ಆಲೋಚನೆಯವು. ಬರೀ ಜೋರು-ಮೆಲ್ಲಗೆ ವ್ಯತ್ಯಾಸ ಸಾಲದು. ಫೈಲಿಗೆ ನಿಮ್ಮ ಹೆಸರು, ಪಾತ್ರದ ಹೆಸರು ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಹಾಕಿದರೆ ಕುಗ್ಗುತ್ತದೆ, ಡ್ರೈವ್ ಲಿಂಕ್ ಕೊಡಿ, ಲಿಂಕ್ ತೆರೆಯುವ ಅನುಮತಿ ಕೊಟ್ಟಿದ್ದೀರೋ ಎಂದು ಬೇರೆ ಫೋನಿನಲ್ಲಿ ನೋಡಿ. 'ಆ್ಯಕ್ಸೆಸ್ ರಿಕ್ವೆಸ್ಟ್' ಎಂದು ಬಂದ ಕೂಡಲೇ ಅವರು ಮುಂದಿನವರನ್ನು ನೋಡಲು ಹೋಗಿರುತ್ತಾರೆ.

ಸೆಟ್ಟಿನಲ್ಲಿ

ರಂಗದಿಂದ ಬಂದವರಿಗೆ ಮೂರು ಚಾಳಿ ಬಿಡಿಸಬೇಕಾಗುತ್ತದೆ. ಒಂದು, ಎದುರಿನವರ ತಲೆಯ ಮೇಲಿಂದ ಪ್ರೇಕ್ಷಕರನ್ನು ಹುಡುಕುವ ಕಣ್ಣು. ಕ್ಲೋಸ್‌ನಲ್ಲಿ (ಮುಖವೇ ತುಂಬಿರುವ ಶಾಟ್) ಎದುರಿನವರ ಎರಡು ಕಣ್ಣಿನಲ್ಲಿ ಲೆನ್ಸಿಗೆ ಹತ್ತಿರದ್ದು ಯಾವುದೋ ಅದನ್ನೊಂದನ್ನೇ ನೋಡಿ. ಎರಡರ ನಡುವೆ ಓಡಾಡಿದರೆ ಪರದೆಯ ಮೇಲೆ ಕಳ್ಳನ ನೋಟ. ಎರಡು, ಹುಬ್ಬು. ಹಿಂದಿನ ಸಾಲಿಗೆ ಕಾಣಲೆಂದು ಕಲಿತ ಹುಬ್ಬು ಕ್ಲೋಸ್‌ನಲ್ಲಿ ಕುಣಿಯುತ್ತದೆ. ಮೂರು, ದನಿ: ಎದುರಿನವರು ಎರಡು ಅಡಿ ದೂರವಿದ್ದರೆ ಎರಡು ಅಡಿಯಷ್ಟೇ ಮಾತು.

ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಹೊಂದಿಕೆ, ನಿಮ್ಮ ಜವಾಬ್ದಾರಿ ಎಂದೇ ತಿಳಿಯಿರಿ. ಇಡೀ ದೃಶ್ಯವನ್ನು ಒಟ್ಟಿಗೆ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ 'ಅಪ್ಪ' ಎನ್ನುವಾಗ ಎಡಗೈಯಲ್ಲಿ ಚಹಾದ ಲೋಟ ಎತ್ತಿದ್ದರೆ, ಎರಡು ತಾಸಿನ ನಂತರದ ಕ್ಲೋಸ್‌ನಲ್ಲೂ ಅದೇ ಪದಕ್ಕೆ ಅದೇ ಕೈ. ತಪ್ಪಿದರೆ ಎಡಿಟಿಂಗ್‌ನಲ್ಲಿ ನಿಮ್ಮ ಒಳ್ಳೆಯ ಟೇಕ್ ಬಿದ್ದುಹೋಗುತ್ತದೆ. ಆದ್ದರಿಂದ ಮಾಸ್ಟರ್‌ನಲ್ಲಿ ಕೈಗೆ ಕಡಿಮೆ ಕೆಲಸ ಕೊಡಿ. ಕಣ್ಣೀರನ್ನು ಮಾಸ್ಟರ್‌ನಲ್ಲೇ ಖರ್ಚು ಮಾಡಬೇಡಿ. ಯಾರ ಕ್ಲೋಸ್ ಮೊದಲು ಎಂದು ಸಹಾಯಕರನ್ನು ಕೇಳಿಟ್ಟುಕೊಳ್ಳಿ. ಎದೆಗೆ ಮೈಕ್ ಸಿಕ್ಕಿಸಿದ್ದಾಗ ಎದೆ ಬಡಿದುಕೊಳ್ಳುವ ಕಂಪನಿ ಅಭ್ಯಾಸ ಬೇಡ. ತಾಳಿ, ಬಳೆ ತಾಗಿ ಟಿಕ್ ಟಿಕ್ ಎನ್ನುತ್ತಿದ್ದರೆ ನೀವೇ ಹೇಳಿ ಟೇಪ್ ಹಚ್ಚಿಸಿ.

ಸೀರಿಯಲ್ಲಿನಲ್ಲಿ ದಿನ 12 ತಾಸಿನದು, ಡೈಲಾಗ್ ಕೈಗೆ ಬರುವುದು ಶಾಟ್‌ಗೆ ಸ್ವಲ್ಪ ಮೊದಲು. ಇಡೀ ಪುಟ ಉರುಹೊಡೆಯಲು ಹೋಗಬೇಡಿ. ಒಂದೊಂದು ಮಾತಿಗೆ 'ಯಾಕೆ ಹೇಳ್ತಾನೆ' ಎಂದು ಒಂದು ಪದ ಬರೆದುಕೊಳ್ಳಿ: ಬೇಡುತ್ತಾನೆ, ಹೆದರಿಸುತ್ತಾನೆ, ಮರೆಸುತ್ತಾನೆ. ಪದಗಳು ಅದರ ಹಿಂದೆ ಬರುತ್ತವೆ.

ದುಡ್ಡು, ಕಾಗದ

ಒಪ್ಪಂದ ಒಂದು ಪುಟದ್ದಾದರೂ ಇರಲಿ. ಅದೂ ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ನೀವೇ ಬರೆದು 'ಸರಿ' ಎನ್ನಿಸಿಕೊಳ್ಳಿ: ಪಾತ್ರ, ಎಷ್ಟು ದಿನ, ದಿನಕ್ಕೆ ಎಷ್ಟು, ಎಷ್ಟು ತಾಸು, ಪ್ರಯಾಣ-ವಸತಿ ಯಾರದು, ಡಬ್ಬಿಂಗ್ ಸೇರಿದೆಯೋ ಬೇರೆಯೋ, ಹಣ ಯಾವ ದಿನಾಂಕಕ್ಕೆ, ಕೊನೇ ಗಳಿಗೆಯಲ್ಲಿ ರದ್ದಾದರೆ ಏನು. ಡಬ್ಬಿಂಗ್ ಮಾತಾಡದೆ ಬಿಟ್ಟವರು ಆರು ತಿಂಗಳ ನಂತರ ಸ್ವಂತ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಿ ದನಿ ಕೊಟ್ಟು ಬರುತ್ತಾರೆ. ಸೀರಿಯಲ್ಲಿನ ಹಣ ಎರಡು-ಮೂರು ತಿಂಗಳು ತಡವಾಗಿ ಬರುವುದು ಮಾಮೂಲು, ಸೀಸನ್ನಿನ ನಾಟಕದ ದುಡ್ಡನ್ನು ಅದಕ್ಕೇ ಎತ್ತಿಡಬೇಕು.

ಕಲಾವಿದರ ಸಂಭಾವನೆಗೆ ಶೇ. 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ದಿನಕ್ಕೆ 5,000ದಂತೆ 12 ದಿನ ಮಾಡಿದ್ದರೆ 60,000ದಲ್ಲಿ 54,000 ಖಾತೆಗೆ ಬರುತ್ತದೆ. ಪ್ಯಾನ್ ಕೊಡದಿದ್ದರೆ ಶೇ. 20 ಹೋಗುತ್ತದೆ. ವರ್ಷದ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಆ ಹಣ ವಾಪಸ್ ಪಡೆಯಬಹುದು. ಪಡೆಯದೆ ಬಿಟ್ಟವರೇ ಜಾಸ್ತಿ. ನಮ್ಮ ಕಡೆಯ ಯಾವ ಊರಿನ ತೆರಿಗೆ ಸಲಹೆಗಾರರೂ ಇದನ್ನು ಮಾಡಿಕೊಡುತ್ತಾರೆ.

ಆಡಿಷನ್‌ಗೆ ಶುಲ್ಕ, 'ಆರ್ಟಿಸ್ಟ್ ಕಾರ್ಡ್'ಗೆ ಶುಲ್ಕ, 'ಪಾತ್ರ ಖಾತ್ರಿ, ಪೋರ್ಟ್‌ಫೋಲಿಯೊ ಮಾತ್ರ ನಮ್ಮ ಹತ್ತಿರ ಮಾಡಿಸಿ' ಇವೆಲ್ಲ ಮೋಸ. ಕಲಾವಿದರನ್ನು ಒದಗಿಸುವ ಕೋ-ಆರ್ಡಿನೇಟರ್ ಕಮಿಷನ್ ತೆಗೆದುಕೊಳ್ಳುವುದು ನಿಮಗೆ ದುಡ್ಡು ಬಂದ ಮೇಲೆ, ಬರುವ ಮೊದಲಲ್ಲ. ಹೋಟೆಲ್ ರೂಮಿನಲ್ಲಿ, ರಾತ್ರಿ, ಒಬ್ಬರೇ ಬರಬೇಕೆಂಬ ಆಡಿಷನ್‌ಗೆ ಹೋಗಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಗೆ ಶೂಟಿಂಗ್ ಸೆಟ್ಟೂ ಕೆಲಸದ ಸ್ಥಳವೇ, ನಾಟಕದ ತಂಬೂ ಕೆಲಸದ ಸ್ಥಳವೇ. ಹತ್ತಕ್ಕಿಂತ ಕಡಿಮೆ ಜನರ ತಂಡವಾಗಿ ದೂರು ಕೇಳುವ ಒಳಸಮಿತಿ ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಸಾಮಾನ್ಯವಾಗಿ ಮೂರು ತಿಂಗಳೊಳಗೆ.

ಕೊನೆಯದಾಗಿ ಒಂದು ಫೈಲು. ನಾಟಕ ಅಕಾಡೆಮಿಗೆ ಅರ್ಜಿ, ತರಬೇತಿಗೆ ಅರ್ಜಿ, ವಯಸ್ಸಾದ ಮೇಲೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನ, ಎಲ್ಲದಕ್ಕೂ ನೀವು ಇಷ್ಟು ವರ್ಷ ಆಡಿದ್ದೀರಿ ಎಂಬ ಪುರಾವೆ ಬೇಕು. ಪ್ರತಿ ಊರಿನ ಹ್ಯಾಂಡ್‌ಬಿಲ್ಲನ್ನು ಎರಡೆರಡು ತಂದು ಪ್ಲಾಸ್ಟಿಕ್ ಕವರಿನ ಫೈಲಿನಲ್ಲಿ ಇಡಿ, ರಂಗದ ಮೇಲಿನ ಒಂದು ಫೋಟೊ ಜೊತೆಗಿರಲಿ. ಎಷ್ಟೋ ಹ್ಯಾಂಡ್‌ಬಿಲ್ಲಿನಲ್ಲಿ ವರ್ಷವೇ ಇರುವುದಿಲ್ಲ, 'ಇದೇ ಮಂಗಳವಾರ ರಾತ್ರಿ 10-30ಕ್ಕೆ ಸರಿಯಾಗಿ' ಎಂದಷ್ಟೇ ಅಚ್ಚಾಗಿರುತ್ತದೆ. ಬಣ್ಣ ತೆಗೆದ ಕೂಡಲೇ, ಬಸ್ ಕಾಯುತ್ತ, ಅದರ ಬೆನ್ನಿಗೆ ದಿನಾಂಕ ಮತ್ತು ಪಾತ್ರದ ಹೆಸರು ಬರೆದುಬಿಡಿ. ಆಗ ಪೆನ್ಸಿಲ್ ಬೇಡ.